ರಾಜನಿಗೆ ಎತ್ತಿಕೊಡದ ಪದ

ನಾನು ಬೇಕೆಂದೇ ಸುಮ್ಮನಿದ್ದೆ. ಮರೆತಿರಲಿಲ್ಲ, ಗಂಟಲು ಕಟ್ಟಿರಲಿಲ್ಲ, ಅಳು ಉಕ್ಕಿ ಬಂದಿರಲಿಲ್ಲ. ಆಮೇಲೆ ನಾನೇ ಊರೆಲ್ಲ ಹೇಳಿಕೊಂಡು ತಿರುಗಿದ ಸಬೂಬುಗಳು ಇವು, ಮೂರೂ ಸುಳ್ಳು. ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಎಪ್ಪತ್ತು ವರ್ಷದ ಹಿರಿಯರೊಬ್ಬರು "ಎತ್ತಿಕೊಡಮ್ಮಾ" ಎಂದು ಮೂರು ಸಲ ಬೇಡಿದರು. ನಾಲ್ಕು ಸಾಲಿನ ಆ ಪದ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಕೊಡಲಿಲ್ಲ.

ನಾನು ನಾಟಕದವಳು. ಹೆಸರು ಮಂಜುಳ, ಮನೆ ಹಲಸೂರಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಬೆಂಗಳೂರಿನ ಪೂರ್ವದ ಕಡೆ, ಕೆ.ಆರ್. ಪುರದ ಸುತ್ತಮುತ್ತಲಿನ ಹಳೆಯ ಊರುಗಳಲ್ಲಿ — ಈಗ ಅವು ಬಡಾವಣೆಗಳು, ಆದರೂ ಅಲ್ಲಿ ಹುಟ್ಟಿದವರಿಗೆ ಊರೇ — ವರ್ಷಕ್ಕೊಂದು ಪೌರಾಣಿಕ ನಾಟಕ ಆಗಲೇಬೇಕು. ಗಂಡು ಪಾತ್ರಗಳನ್ನೆಲ್ಲ ಊರಿನವರೇ ಹಾಕುತ್ತಾರೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟವರು, ಹಾಲಿನ ಡೈರಿಯವರು, ಒಬ್ಬಿಬ್ಬರು ಲಾಯರು. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಾರೆ. ಅವರು ವರ್ಷಕ್ಕೊಮ್ಮೆ ರಾಜರು, ನಾವು ವಾರಕ್ಕೊಮ್ಮೆ ರಾಣಿಯರು. ಹಾಗಾಗಿ ಅವರ ಮಾತೂ ನಮಗೆ ಬಾಯಿಪಾಠ. ರಂಗದ ಮೇಲೆ ರಾಜ ತಡವರಿಸಿದರೆ ರಾಣಿ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಅತ್ತ ತಿರುಗಿಸಿ ಮುಂದಿನ ಸಾಲಿನ ಮೊದಲೆರಡು ಶಬ್ದ ಪಿಸುಗುಟ್ಟುತ್ತಾಳೆ. ಅದನ್ನು ನಾವು ಎತ್ತಿಕೊಡುವುದು ಅನ್ನುತ್ತೇವೆ. ಎದುರಿಗೆ ನಿಂತವನು ಎಂಥವನೇ ಆಗಿರಲಿ, ಎತ್ತಿಕೊಡಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿದದ್ದೂ ಇಲ್ಲ — ನಾನೊಬ್ಬಳನ್ನು ಬಿಟ್ಟು.

ನಾಟಕ ಹಳೆಯದು, ಕೈಬರಹದ ಪುಸ್ತಕ, ಬರೆದವರು ಯಾರೋ ತಿಳಿಯದು. ದೇಶ ದೇಶ ಗೆದ್ದ ರಾಜನೊಬ್ಬ ಕೊನೆಯ ಯುದ್ಧದಲ್ಲಿ ಬಿದ್ದು, ರಾಣಿಯ ತೊಡೆಯ ಮೇಲೆ ಪ್ರಾಣ ಬಿಡುತ್ತಾನೆ. ಬಿಡುವ ಮುಂಚೆ ಒಂದು ಪದ ಹಾಡಬೇಕು. ಇಡೀ ನಾಟಕ ಜನ ಹರಟೆ ಹೊಡೆಯುತ್ತಾ, ಕಡ್ಲೆಕಾಯಿ ಸುಲಿಯುತ್ತಾ ನೋಡಿದರೂ ಈ ಪದಕ್ಕೆ ಮಾತ್ರ ಎಲ್ಲರ ಕೈ ನಿಲ್ಲುತ್ತದೆ.

ಕಣ್ಣ ತೆರೆದಿರುವನಕ ಸಿರಿಯೆಲ್ಲ ನನದೆಂದೆ
ಕಣ್ಣ ಮುಚ್ಚುವ ಹೊತ್ತು ಕನಸೆಂದು ಕಂಡೆ
ಬಣ್ಣ ಕಳಚಿದ ಮೇಲೆ ಅರಸನಾರಾಳಾರು
ಮಣ್ಣ ಮಡಿಲೊಂದೆ ದಿಟ ಕೇಳೆನ್ನ ರಾಣಿ

ಆ ರಾಜನ ಪಾತ್ರದವರನ್ನು ಇಲ್ಲಿ ಪಿಳ್ಳಪ್ಪನವರು ಎಂದು ಕರೆಯುತ್ತೇನೆ. ನಿಜವಾದ ಹೆಸರು ಅದಲ್ಲ. ಊರಿನ ಹೆಸರನ್ನೂ ಹೇಳುವುದಿಲ್ಲ, ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ. ನನ್ನ ತಾಯಿ ಲೋಕಮ್ಮ ಏಳೆಂಟು ವರ್ಷ ಅವರ ಎದುರಿಗೆ ರಾಣಿಯಾಗಿ ನಿಂತವಳು. ಅವರ ದನಿ ಎಂಥದು ಅಂತೀರಿ — ಜಾತ್ರೆಯಲ್ಲಿ ಮದ್ದಿನ ಪೇಟ್ಲು ಸಿಡಿದ ಹಾಗೆ. ಆದರೆ ಮಾತು ಮಾತ್ರ ಅಮ್ಮನದು. ತಾಲೀಮಿನಲ್ಲಿ ಅವಳು ಸಾಲು ಹೇಳುವಳು, ಅವರು ಅವಳ ಹಿಂದೆಯೇ ಹೇಳುವರು, ಹೀಗೆ ತಿಂಗಳುಗಟ್ಟಲೆ. ಅವರ ರಾಜನನ್ನು ಕಟ್ಟಿ ನಿಲ್ಲಿಸಿದವಳು ನನ್ನ ತಾಯಿ. ಇದನ್ನು ನಾನು ಎದೆ ತಟ್ಟಿ ಹೇಳುತ್ತೇನೆ.

ಆಗ ನನಗೆ ಹತ್ತೊಂಬತ್ತು. ಸಖಿಯ ಪಾತ್ರಕ್ಕೆ ಅಮ್ಮನ ಜೊತೆ ಹೋಗಿದ್ದೆ. ನಾಟಕ ಬೆಳಿಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಊಟಕ್ಕೆ ಬಿಡುವು, ಮತ್ತೆ ಸಾಯಂಕಾಲದವರೆಗೆ. ಪಕ್ಕದ ಛತ್ರದಲ್ಲಿ ಎಲೆ ಹಾಕಿದ್ದರು. ಅಮ್ಮ ರಾಣಿಯ ಬಣ್ಣದಲ್ಲೇ ಕೂತಳು, ಪಕ್ಕದಲ್ಲಿ ನಾನು, ಎದುರು ಸಾಲಿನಲ್ಲಿ ಪಿಳ್ಳಪ್ಪನವರು, ಅವರ ಬೀಗರು, ನೆಂಟರು. ಪಾಯಸ ಬಡಿಸುತ್ತಿದ್ದರು. ಬೀಗರಲ್ಲೊಬ್ಬರು, "ಏನ್ ಪಿಳ್ಳಪ್ಪನೋರೇ, ಇಷ್ಟುದ್ದ ಮಾತು ಹೆಂಗ್ ಬಾಯಿಪಾಠ ಮಾಡಿದ್ರಿ? ಯಾವ್ ಪುಸ್ತಕ?" ಅಂದರು. ಅಮ್ಮ ನಗುತ್ತಾ ಬಾಯಿ ತೆರೆದಳು, "ಅಣ್ಣಂಗೆ ಪುಸ್ತಕ ಯಾತಕ್ಕೆ ಸ್ವಾಮಿ..." ಎನ್ನುವಷ್ಟರಲ್ಲಿ ಪಿಳ್ಳಪ್ಪನವರು ಗುಡುಗಿದರು —

"ಏಯ್! ನಿನ್ನ ಇಲ್ಲಿ ಕೂರ್ಸಿದ್ ಯಾರು? ಏಳು ಮೇಲೆ! ಸ್ಟೇಜ್ ಮೇಲೆ ರಾಣಿ ಅಂದ್ರೆ ಇಲ್ಲೂ ರಾಣೀನಾ? ಬಣ್ಣ ತೊಳ್ಕೊಂಡ್ಮೇಲೆ ನೀನ್ಯಾರು? ಕುಣಿಯಕ್ ಬಂದೋಳು!"

ಅಮ್ಮನ ಕೈ ಎಲೆಯ ಮೇಲಿತ್ತು. ಅನ್ನ ಕಲಸಿದ ಕೈ. ಯಾರಾದರೂ ಒಬ್ಬರು ಒಂದು ಮಾತು ಆಡಬಹುದಿತ್ತು, ಕೂತ್ಕೊಳಮ್ಮಾ ಅನ್ನಬಹುದಿತ್ತು. ಬಡಿಸುವವನು ಕೂಡ ನಮ್ಮನ್ನು ದಾಟಿ ಮುಂದಿನ ಎಲೆಗೆ ಹೋದ. ಅಮ್ಮ ಎದ್ದಳು. ನಾನೂ ಎದ್ದೆ. ಕೈ ತೊಳೆಯುವ ಜಾಗದಲ್ಲಿ ನಲ್ಲಿಗೆ ಕೈಯೊಡ್ಡಿ ನಿಂತಾಗ ಅವಳ ಕೆನ್ನೆಯ ಬಣ್ಣ ಎರಡು ಕಡೆ ಗೀಟು ಬಿದ್ದಿತ್ತು. "ಬಿಸಿಲು ಕಣೇ" ಅಂದಳು.

ಅದಾಗಿ ಮೂರು ಗಂಟೆ ಕಳೆದ ಮೇಲೆ ಕೊನೆಯ ಅಂಕ. ಆ ಮನುಷ್ಯ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು. ಮೊದಲ ಸಾಲೇ ಮರೆತರು. ನಾನು ಪಕ್ಕದ ಪರದೆಯ ಸಂದಿಯಿಂದ ನೋಡುತ್ತಿದ್ದೆ. ಕೊಡಬೇಡ ಅಮ್ಮಾ, ಕೊಡಬೇಡ, ಸಾಯಲಿ ಅವನು ಹಾಗೇ — ಅಮ್ಮ ಬಾಗಿದಳು. ಕಣ್ಣೊರೆಸಿಕೊಳ್ಳುವ ಹಾಗೆ ಸೆರಗು ಬಾಯಿಗೆ ತಂದಳು. ಎತ್ತಿಕೊಟ್ಟಳು. ಆ ಪೇಟ್ಲಿನ ದನಿ ಎದ್ದಿತು. "ಬಣ್ಣ ಕಳಚಿದ ಮೇಲೆ ಅರಸನಾರಾಳಾರು" — ಅದೇ ಬಾಯಿ, ಅದೇ ದಿನ, ಒಂದಿಷ್ಟೂ ನಾಚಿಕೆಯಿಲ್ಲದೆ. ಜನ ಒನ್ಸ್ ಮೋರ್ ಕೂಗಿದರು.

ಬಸ್ಸಿನಲ್ಲಿ ನಾನು ಬೆಂಕಿಯಾಗಿದ್ದೆ. "ಯಾಕಮ್ಮಾ ಕೊಟ್ಟೆ? ಮಾನ ಮರ್ಯಾದೆ ಏನೂ ಇಲ್ವಾ ನಿಂಗೆ?"

ಅಮ್ಮ ಕಿಟಕಿಯಾಚೆ ನೋಡುತ್ತಿದ್ದವಳು, "ಪೋಡಿ," ಅಂದಳು. ಸಿಟ್ಟು ಬಂದರೆ ಅವಳ ಬಾಯಿಗೆ ತವರಿನ ತಮಿಳು ಬರುತ್ತಿತ್ತು. "ನಿಂಗೇನ್ ಗೊತ್ತು. ಅದು ಅವ್ನಿಗ್ ಕೊಟ್ಟಿದ್ದಲ್ಲ. ರಾಜಂಗೆ."

ಅಷ್ಟೇ. ಆ ವಿಷಯ ಮತ್ತೆ ಅವಳ ಬಾಯಲ್ಲಿ ಬರಲಿಲ್ಲ. ಆದರೆ ಅಂದಿನಿಂದ ಯಾವ ಊರಿಗೆ ನಾಟಕಕ್ಕೆ ಹೋದರೂ ಅಮ್ಮ ಪಂಕ್ತಿಯಲ್ಲಿ ಕೂರಲಿಲ್ಲ. ಮನೆಯಿಂದ ಡಬ್ಬಿಯಲ್ಲಿ ಚಿತ್ರಾನ್ನ ಒಯ್ದು ಬಣ್ಣದ ಕೋಣೆಯ ಮೂಲೆಯಲ್ಲಿ, ಗೋಡೆ ಕಡೆ ಮುಖ ಮಾಡಿ ತಿನ್ನುತ್ತಿದ್ದಳು. ಎಂಟು ವರ್ಷ ಹಾಗೆ ತಿಂದು ಸತ್ತಳು. ಆ ಗೋಡೆ ಕಡೆ ತಿರುಗಿದ ಬೆನ್ನು — ಅದನ್ನು ನೋಡಿ ನೋಡಿ ನನ್ನೊಳಗೆ ಏನೋ ಕಲ್ಲಾಯಿತು. ಅಮ್ಮ ರಾಜನಿಗೆ ಕೊಟ್ಟಳಂತೆ! ಯಾವ ರಾಜ? ಪೆಟ್ಟಿಗೆಯಲ್ಲಿ ಮಡಿಚಿಡುವ ಜರಿ ಅಂಗಿ, ಗಾಜಿನ ಚೂರು ಅಂಟಿಸಿದ ಕಿರೀಟ! ಒಂದು ಹಗಲಿನ ಕನಸಿಗೆ ಮರ್ಯಾದೆ ಕೊಟ್ಟು, ಜೀವವಿರುವ ತನ್ನನ್ನು ತಾನೇ ಮೂಲೆಗೆ ಹಾಕಿಕೊಂಡಳಲ್ಲ ಎಂದು ಅವಳ ಮೇಲೂ ಸಿಟ್ಟಿತ್ತು.

ಅಮ್ಮ ಹೋದ ನಾಲ್ಕು ವರ್ಷಕ್ಕೆ, ಊರಿನವರಿಗೆ ನಮ್ಮಂಥವರನ್ನು ಗೊತ್ತುಮಾಡಿಕೊಡುವ ಏಜೆಂಟರ ಫೋನು ಬಂತು. ಪಿಳ್ಳಪ್ಪನವರಿಗೆ ಎಪ್ಪತ್ತಾಯಿತಂತೆ, ಕೊನೆಯದಾಗಿ ಒಂದು ಸಲ ರಾಜನ ಪಾತ್ರ ಹಾಕಬೇಕಂತೆ, ರಾಣಿ ಬೇಕಂತೆ. ಹೂಂ ಅಂದೆ. ಯೋಚನೆಯನ್ನೇ ಮಾಡದೆ ಹೂಂ ಅಂದೆ.

ತಾಲೀಮು ಅವರದೇ ಕಟ್ಟಡದ ಮೇಲಂತಸ್ತಿನಲ್ಲಿ. ಹೋದ ಮೊದಲ ದಿನವೇ ನನ್ನ ಮುಖವನ್ನು ತುಂಬಾ ಹೊತ್ತು ನೋಡಿದರು. "ಲೋಕಮ್ಮನ ಮಗಳಲ್ವೇನಮ್ಮ ನೀನು? ಅಮ್ಮ ಹೆಂಗವ್ಳೆ?"

"ತೀರ್ಕೊಂಡ್ರು ಅಣ್ಣ."

ಅವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಅವಳ ಹಂಗೆ ಎತ್ತಿಕೊಡ್ತೀಯಾ?" ಎಂದು ಕೇಳಿದರು. ಕೊಡ್ತೀನಣ್ಣ, ನೀವು ಯೋಚನೆ ಮಾಡ್ಬೇಡಿ ಅಂದೆ. ಆ ನಗುವನ್ನು ನಾನು ಎಲ್ಲಿಂದ ತಂದೆನೋ.

ಎರಡನೆಯ ವಾರದಲ್ಲಿ ನನಗೆ ಅವರ ಗುಟ್ಟು ಸಿಕ್ಕಿತು. ಹಾರ್ಮೋನಿಯಂ ಮೇಷ್ಟ್ರು ಪುಸ್ತಕ ಕೊಟ್ಟಾಗಲೆಲ್ಲ ಅವರ ಕನ್ನಡಕ ಕೆಳಗೆ ಮನೆಯಲ್ಲೇ ಉಳಿದಿರುತ್ತಿತ್ತು. ಒಂದು ದಿನ ಕನ್ನಡಕ ಜೇಬಿನಲ್ಲೇ ಕಾಣುತ್ತಿತ್ತು, ಆಗ ಕಣ್ಣು ನೋಯುತ್ತಿತ್ತು. ಅವರಿಗೆ ಓದಲು ಬರುತ್ತಿರಲಿಲ್ಲ. ಒಂದಕ್ಷರವೂ. ಊರಿನ ದೊಡ್ಡ ಮನುಷ್ಯ, ಮಗ ಲಾಯರು, ಸೊಸೆ ಕಾಲೇಜಿನಲ್ಲಿ ಪಾಠ ಹೇಳುವವಳು — ಇವರಲ್ಲಿ ಯಾರಿಗೂ ತಿಳಿಯದ ಹಾಗೆ ಬದುಕಿದ್ದರು. ಅಮ್ಮನಿಗೊಬ್ಬಳಿಗೆ ಗೊತ್ತಿತ್ತು. ಛತ್ರದ ಪಂಕ್ತಿಯಲ್ಲಿ ಅಮ್ಮ ಬಾಯಿ ತೆರೆದಾಗ ಅವರು ಹೆದರಿದ್ದು ಯಾತಕ್ಕೆ ಎಂದು ಆಗ ಅರ್ಥವಾಯಿತು. ಅಮ್ಮ ಹೊಗಳಲು ಹೊರಟಿದ್ದಳು, ಅವರು ಗುಟ್ಟು ರಟ್ಟಾಯಿತೆಂದು ಬೆಚ್ಚಿದರು.

ಹಾಗಂತ ಉರಿ ಆರಿತೇ? ಇಲ್ಲ ಸ್ವಾಮಿ. ಇನ್ನೂ ಹೊತ್ತಿಕೊಂಡಿತು. ತನ್ನ ಗುಟ್ಟು ಕಾಯುತ್ತಿದ್ದವಳನ್ನೇ ಎಲೆಯಿಂದ ಎಬ್ಬಿಸಿದನಲ್ಲ! ಆಮೇಲೂ ಅವಳು ಸಾಯುವ ತನಕ ಗುಟ್ಟು ಬಿಡಲಿಲ್ಲ, ನನಗೂ ಹೇಳಲಿಲ್ಲ.

ಅಲ್ಲಿಂದ ನಾನು ಮಾಡಿದ್ದನ್ನು ಒಂದೊಂದಾಗಿ ಹೇಳಿಬಿಡುತ್ತೇನೆ. ಉಳಿದ ಮಾತುಗಳನ್ನೆಲ್ಲ ಅವರಿಗೆ ಚೆನ್ನಾಗಿ ಕಲಿಸಿದೆ, ಅಮ್ಮನ ಹಾಗೆಯೇ, ಸಾಲು ಸಾಲಾಗಿ. ಕೊನೆಯ ಪದವನ್ನು ಮಾತ್ರ ಕಲಿಸಲಿಲ್ಲ. ಹಳೆಯದೆಲ್ಲ ಮಸುಕಾಗಿ ಹೋಗಿತ್ತು ಅವರಿಗೆ. "ಅದೊಂದು ಬಿಡಿ ಅಣ್ಣ, ನಾನ್ ಎತ್ತಿಕೊಡ್ತೀನಲ್ಲ. ನೀವು ಸಾಯೋದ್ರ ಮೇಲೆ ಗಮನ ಇಡಿ," ಎನ್ನುತ್ತಿದ್ದೆ. ಅವರು ನಂಬಿದರು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಲ್ಲುವ ಹುಡುಗನನ್ನು ಆ ಅಂಕಕ್ಕೆ ಬೇಡವೆಂದು ಮೇಷ್ಟ್ರಿಗೆ ಹೇಳಿ ಕಳಿಸಿದ್ದೂ ನಾನೇ. ಎರಡು ತಿಂಗಳು ದಿನಾ ಅಣ್ಣ ಅಣ್ಣ ಎಂದು ಕರೆದೆ. ಒಂದು ದಿನ ಅವರ ಸೊಸೆ ಕಾಫಿ ತಂದಾಗ "ಇವಳಿಗೆ ಮೊದ್ಲು ಕೊಡಮ್ಮ, ನನ್ ಗುರು ಇವಳು" ಅಂದರು. ಆಗಲೂ ನನ್ನ ಮನಸ್ಸು ಅಲುಗಲಿಲ್ಲ.

ನಾಟಕದ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ಅವತ್ತಿನ ಅದೇ ಬೀಗರು. ನಮ್ಮ ಕಡೆಯ ವಾಡಿಕೆ ನಿಮಗೆ ಗೊತ್ತಿರಬಹುದು, ನಡುವೆಯೇ ನಾಟಕ ನಿಲ್ಲಿಸಿ ನೆಂಟರೆಲ್ಲ ರಂಗಕ್ಕೆ ಹತ್ತಿ ಪಾತ್ರಧಾರಿಗೆ ಹಾರ ಹಾಕುತ್ತಾರೆ. ಯುದ್ಧದಲ್ಲಿ ಬಿದ್ದ ರಾಜನಿಗೂ ಹಾಕಿದರು. ಸೇಬಿನ ಹಾರ, ಸುಗಂಧರಾಜದ ಹಾರ. ಹಾರಗಳ ಸಮೇತ ಪಿಳ್ಳಪ್ಪನವರು ನನ್ನ ತೊಡೆಯ ಮೇಲೆ ಮಲಗಿದರು. ಮೇಷ್ಟ್ರು ಶ್ರುತಿ ಹಿಡಿದರು. ಸಭೆಯಲ್ಲಿ ಕಡ್ಲೆಕಾಯಿಯ ಸದ್ದು ನಿಂತಿತು.

"ಎತ್ತಿಕೊಡಮ್ಮಾ."

ನಾನು ಅವರನ್ನೇ ನೋಡಿದೆ.

"ಎತ್ತಿಕೊಡು ತಾಯಿ." ಅವರ ಹಣೆಯ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಮೇಷ್ಟ್ರು ಅದೇ ಸ್ವರವನ್ನು ಮತ್ತೆ ಸುತ್ತಿದರು. ಹಿಂದಿನ ಸಾಲಿನಿಂದ ಒಂದು ಸಿಳ್ಳೆ.

"ಅಮ್ಮಾ... ಎತ್ತಿಕೊಡಮ್ಮಾ..."

ಆಗ ನಾನು ಬಾಗಿದೆ. ಅಮ್ಮ ಬಾಗಿದ ಹಾಗೆಯೇ, ಸೆರಗನ್ನು ಬಾಯಿಗೆ ತಂದುಕೊಂಡೇ. ಹನ್ನೆರಡು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಅವರ ಕಿವಿಯಲ್ಲಿ ಇಳಿಸಿದೆ. "ಬಣ್ಣ ತೊಳ್ಕೊಂಡ್ಮೇಲೆ ನೀವ್ಯಾರಣ್ಣ?"

ಅವರ ಕಣ್ಣು ಅಗಲವಾಯಿತು. ಬಾಯಿ ತೆರೆದದ್ದು ತೆರೆದೇ ಇತ್ತು. "ಪಿಳ್ಳಪ್ಪನೋರು ನಿಜವಾಗ್ಲೂ ಹೋಗ್ಬಿಟ್ರಾ ಗುರೂ!" ಎಂದು ಯಾರೋ ಕೂಗಿದ, ಸಭೆ ಘೊಳ್ಳೆಂದಿತು. ಮೊಮ್ಮಗ ಮುಂದಿನ ಸಾಲಿನಲ್ಲಿ ಎದ್ದು ನಿಂತು "ತಾತ! ತಾತ ಹೇಳು!" ಅನ್ನುತ್ತಿದ್ದ. ಫೋನುಗಳೆಲ್ಲ ಮೇಲೆದ್ದವು. ಪರದೆ ಅರ್ಧಕ್ಕೆ ಇಳಿದು ಸಿಕ್ಕಿಕೊಂಡಿತು, ಎಳೆಯುವವನಿಗೂ ನಗು ಬಂದಿರಬೇಕು.

ಬಣ್ಣದ ಕೋಣೆಯಲ್ಲಿ ಅವರು ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಂಡರು. ನನ್ನ ಕಡೆ ನೋಡಲಿಲ್ಲ, ಬೈಯಲಿಲ್ಲ. ನಾನು ಮೂಲೆಯಲ್ಲಿ ಕೂತು ಅಮ್ಮನ ಡಬ್ಬಿ ತೆರೆದೆ. ಗೋಡೆ ಕಡೆಗಲ್ಲ, ಎಲ್ಲರ ಕಡೆ ಮುಖ ಮಾಡಿ ಕೂತು ತಿಂದೆ. ಆ ದಿನದ ಚಿತ್ರಾನ್ನದ ರುಚಿ — ಸುಳ್ಳು ಹೇಳಲಾರೆ — ಅಷ್ಟು ರುಚಿಯಾದ ಊಟ ನಾನು ಜನ್ಮದಲ್ಲಿ ಉಂಡಿಲ್ಲ.

ಆ ವಿಡಿಯೋ ಊರೂರು ಸುತ್ತಿತು. ಟೀ ಅಂಗಡಿಯಲ್ಲಿ ಅವರನ್ನು ಕಂಡರೆ ಹುಡುಗರು ಬಾಯಿ ತೆರೆದು ಮಲಗಿ ತೋರಿಸುತ್ತಾರೆ ಎಂದು ಏಜೆಂಟರು ಹೇಳಿದರು. ಮೂರು ವರ್ಷ ಇದನ್ನೆಲ್ಲ ಕೇಳಿ ನಾನು ಹಾಯಾಗಿದ್ದೆ. ಹಾಯಾಗಿದ್ದೆ ಅಂದರೆ ಹಾಯಾಗಿಯೇ ಇದ್ದೆ.

ಮೊನ್ನೆ ಇನ್ನೊಂದು ಊರಿನಲ್ಲಿ ಅದೇ ನಾಟಕ, ಅದೇ ಅಂಕ. ರಾಜನ ಪಾತ್ರಕ್ಕೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಸಾಧು ಮನುಷ್ಯ, ನನಗೆ ಯಾವ ಕೆಡುಕನ್ನೂ ಮಾಡಿದವನಲ್ಲ. ಪದ ಮರೆತು ಮೇಲಕ್ಕೆ ನನ್ನ ಮುಖ ನೋಡಿದ. ಆ ಹೆದರಿದ ಕಣ್ಣು ಕಂಡದ್ದೇ ತಡ, ಆ ದಿನದ ಚಿತ್ರಾನ್ನದ ರುಚಿ ನನ್ನ ಬಾಯಿಗೆ ಬಂತು. ಒಂದು ಗಳಿಗೆ — ಒಂದೇ ಗಳಿಗೆ, ಆದರೆ ಪೂರ್ತಿ ಒಂದು ಗಳಿಗೆ — ಸುಮ್ಮನಿದ್ದು ಸವಿದೆ. ಆಮೇಲೆ ಎತ್ತಿಕೊಟ್ಟೆ. ಮನೆಗೆ ಬಂದು ಕನ್ನಡಿಯ ಮುಂದೆ ಮುಖ ತೊಳೆಯುವಾಗ ನನಗೆ ನನ್ನನ್ನು ಕಂಡೇ ಹೆದರಿಕೆಯಾಯಿತು.

ಮಾರನೆಯ ದಿನ ಹಲಸೂರಿನಲ್ಲಿ ಮೆಟ್ರೊ ಹತ್ತಿ ಕೆ.ಆರ್. ಪುರಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದೆ. ಪಿಳ್ಳಪ್ಪನವರು ತಮ್ಮ ಕಟ್ಟಡದ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೊರಳಿಗೆ ಆಫೀಸಿನ ಬಿಲ್ಲೆ ನೇತುಹಾಕಿಕೊಂಡ ಬಾಡಿಗೆಯ ಹುಡುಗರು ಅವರನ್ನು ನೋಡದೆಯೇ ಹೊರಗೆ ಹೋಗುತ್ತಿದ್ದರು. ನಾನು ನಿಂತೇ ಹೇಳಿದೆ, "ಅಣ್ಣ, ನಾನು ಬೇಕಂತಲೇ ಮಾಡ್ದೆ."

"ಗೊತ್ತು ಕಣಮ್ಮ. ಕೂತ್ಕೋ."

ಅವರು ಬೈಯಲಿ ಎಂದು ಹೋದವಳು ನಾನು. ಇಲ್ಲ, ಅದೂ ಸುಳ್ಳು — ಅವರು ಅಳಲಿ ಎಂದು ಹೋಗಿದ್ದೆನೇನೋ. ಅವರು ನಿಧಾನವಾಗಿ, ಯಾರದೋ ವಿಷಯ ಹೇಳುವ ಹಾಗೆ ಹೇಳಿದರು. "ನಿಮ್ಮಮ್ಮನ್ನ ಎಲೆಯಿಂದ ಎಬ್ಬಿಸ್ದೆನಲ್ಲ, ಅವತ್ ಸಾಯಂಕಾಲ ಅವಳು ಎತ್ತಿಕೊಟ್ಲು ನೋಡು, ಅಲ್ಲಿಂದ ನಂಗೆ ಅನ್ನ ಸೇರ್ತಿರ್ಲಿಲ್ಲ. ಯಾವ್ ಮದ್ವೇಲಿ ಪಂಕ್ತಿಗ್ ಕೂತ್ರೂ ಎದುರಿಗ್ ಅವಳೇ. ಹನ್ನೆರಡು ವರ್ಷ. ಎರಡ್ ಸಲ ಹಲಸೂರಿನ್ ತಂಕ ಬಂದು, ಗಲ್ಲಿ ಬಾಯಲ್ಲಿ ನಿಂತ್ಕೊಂಡು ವಾಪಸ್ ಹೋಗಿದೀನಿ. ಕಾಲಿಗ್ ಬೀಳಕ್ ಧೈರ್ಯ ಬರ್ಲಿಲ್ಲ. ಆಮೇಲ್ ನೀನು ಬಾಯ್ ಮುಚ್ಕೊಂಡೆ. ಅವಳಿಗ್ ಆದಂಗೆ ನಂಗೂ ಆಯ್ತು, ಅದೇ ಜನದ್ ಮುಂದೆ. ಸರಿಹೋಯ್ತು ಬಿಡಮ್ಮ. ಈಗ ಊಟ ಸೇರುತ್ತೆ, ನಿದ್ದೇನೂ ಬರುತ್ತೆ."

ಸೊಸೆ ಕಾಫಿ ತಂದಿಟ್ಟಳು. ಅವರು ಸಮಾಧಾನದಿಂದ ಊದಿ ಊದಿ ಕುಡಿದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಅಮ್ಮ ಅವತ್ತು ಒಂದೇ ಒಂದು ಸಲ ಎತ್ತಿಕೊಟ್ಟು ಹನ್ನೆರಡು ವರ್ಷ ಆ ಮನುಷ್ಯನ ಬಾಯಿಗೆ ಅನ್ನ ಸೇರದ ಹಾಗೆ ಮಾಡಿದ್ದಳು. ಅವಳು ಹಚ್ಚಿಟ್ಟಿದ್ದ ಆ ಕೆಂಡಕ್ಕೆ ನೀರು ಹೊಯ್ದು ಆರಿಸಿದವಳು ನಾನು, ಅವಳ ಮಗಳು. ನಾನು ಸೇಡು ಅಂದುಕೊಂಡದ್ದು ಅವರಿಗೆ ಬಿಡುಗಡೆಯಾಗಿತ್ತು.

ಏಳುವಾಗ ಕೇಳಿದೆ, "ಅಣ್ಣ, ಆ ಪದ... ಈಗ ಹೇಳ್ಲಾ?"

ಅವರು ತಲೆಯಾಡಿಸಿದರು. "ಈಗ್ಯಾಕಮ್ಮ? ನಾನೀಗ ರಾಜ ಅಲ್ವಲ್ಲ."

ಅಮ್ಮಾ, ಇಷ್ಟು ಹೊತ್ತು ಯಾರಿಗೋ ಹೇಳಿಕೊಂಡೆ, ಹೇಳಬೇಕಾದದ್ದು ನಿನಗೆ. ಬಸ್ಸಿನಲ್ಲಿ ನೀನು ಹೇಳಿದ್ದು ನನಗೆ ಈಗ ಅರ್ಥವಾಯಿತು. ಎಲ್ಲ ಕನಸು ಎಂದು ಹಾಡುವ ಆ ನಾಲ್ಕು ಸಾಲಿನ ಹೊತ್ತು ಮಾತ್ರ ಅಲ್ಲಿ ಪಿಳ್ಳಪ್ಪ ಇರಲಿಲ್ಲ, ಲೋಕಮ್ಮ ಇರಲಿಲ್ಲ, ಎಬ್ಬಿಸಿದ ಎಲೆ ಇರಲಿಲ್ಲ. ಸಾಯುತ್ತಿದ್ದ ಒಬ್ಬ ರಾಜ, ಅವನ ರಾಣಿ, ಅಷ್ಟೇ ಇದ್ದದ್ದು. ನೀನು ಅದನ್ನು ಕಾಯ್ದೆ. ನಾನು ಅಲ್ಲಿಗೂ ನನ್ನ ಜಗಳ ಹೊತ್ತುಕೊಂಡು ಹೋದೆ. ಕ್ಷಮೆ ಕೇಳುತ್ತಿಲ್ಲ, ನೀನು ಕೊಟ್ಟರೂ ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿಲ್ಲ. ಇನ್ನು ಮುಂದೆ ನನ್ನ ತೊಡೆಯ ಮೇಲೆ ಯಾರೇ ತಲೆಯಿಡಲಿ, ಅವನು ಕೇಳುವ ಮೊದಲೇ ಎತ್ತಿಕೊಡುತ್ತೇನೆ. ಆದರೆ ಆ ಒಬ್ಬನನ್ನು ಏನು ಮಾಡಲಿ? ಪಿಳ್ಳಪ್ಪನವರು ಎದ್ದು, ಬಣ್ಣ ತೊಳೆದುಕೊಂಡು ಮನೆಗೆ ಹೋದರು, ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ. ರಾಜ ಮಾತ್ರ ಇನ್ನೂ ನನ್ನ ತೊಡೆಯ ಮೇಲೇ ಇದ್ದಾನೆ ಅಮ್ಮಾ, ಬಾಯಿ ತೆರೆದುಕೊಂಡು.